ಝಮೋರಾ ಬಂದಿಲ್ಲ

ಮೇಷ್ಟ್ರ ಪೆನ್ನು ಪಟ್ಟಿಯ ಮೇಲಿನ ತುದಿಗೆ ತಾಗಿತು, ಟಕ್, ಇನ್ನು ಹಾಜರಿ ಶುರು, ಈ ಕೋಣೆಯ ಏಸಿ ಇವತ್ತೂ ಕೊರೆಯುತ್ತಿದೆ, ಹೊರಗೆ ಸೆಪ್ಟೆಂಬರ್ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಸ್ವೆಟರ್ ಬೇಕು, ನಮ್ಮ ಶೆಡ್ಡಿನಲ್ಲಿ ಪೀಚ್ ಹಣ್ಣು ಪೇರಿಸುವ ಕೋಣೆಯೂ ಇಷ್ಟು ತಣ್ಣಗಿರುವುದಿಲ್ಲ — ಅಗಿಲಾರ್, ಇದ್ದೀನಿ, ಬನುಯೆಲೋಸ್, ಇದ್ದೀನಿ — ಸುಮ್ಮನಿರು ಎಲೊಯಿಸಾ, ಕಾಲು ಕುಣಿಸಬೇಡ, ನಲವತ್ಮೂರು ವರ್ಷದ ಹೆಂಗಸು ನೀನು, ನಿನ್ನೆಯೇ ಎಲ್ಲ ಸರಿಹೋಗಿದೆ, ಮೇಷ್ಟ್ರೇ ಮರುಸೇರ್ಪಡೆಯ ಚೀಟಿಗೆ ಸಹಿ ಹಾಕಿ ಕೊಟ್ಟಿದ್ದಾರೆ, ಆದರೂ ಆಫೀಸಿನವರು ಪಟ್ಟಿಗೆ ಸೇರಿಸಿದರೆ ತಾನೇ, ನಾಳೆ ಹಾಜರೀಲಿ ನಿಮ್ಮ ಹೆಸರು ಬಂತು ಅಂದ್ರೆ ನೀವು ಇದ್ದೀರಿ, ಬರ್ಲಿಲ್ಲ ಅಂದ್ರೆ ಮುಂದಿನ ಸೆಮಿಸ್ಟರ್ ಬನ್ನಿ ಅಂದಳಲ್ಲ ಆ ಕೌಂಟರಿನ ಹುಡುಗಿ, ಎಷ್ಟು ಸಲೀಸಾಗಿ ಅಂದಳು, ಈ ಲೆಕ್ಕದ ಕೋರ್ಸ್ ಪಾಸಾಗದೆ ನರ್ಸಿಂಗಿನ ಅರ್ಜಿಯನ್ನೇ ಮುಟ್ಟುವುದಿಲ್ಲ, ಅಂದರೆ ಇನ್ನೊಂದು ವರ್ಷ ಬೆಲ್ಟಿನ ಮುಂದೆ ನಿಂತು ಕೊಳೆತ ಪೀಚ್ ಆರಿಸುವುದು — ಚಾವೆಸ್, ಇದ್ದೀನಿ, ಧಿಲ್ಲಾನ್, ಇದ್ದೀನಿ ಸರ್, ಈ ಧಿಲ್ಲಾನ್ ಒಬ್ಬನೇ ಎದ್ದು ನಿಂತು ಹೇಳುವುದು, ಒಳ್ಳೆಯ ಹುಡುಗ.

ನಗು ಬರುತ್ತಿದೆ, ಈಗ ನಗು ಬರುತ್ತಿದೆ, ಸೋಮವಾರ ಎಲ್ಲಿತ್ತು ಈ ನಗು, ಮಗಳು ಇಟ್ಸೆಲ್ ಫೋನಿನಲ್ಲಿ ಬಂದ ಪತ್ರವನ್ನು ಎರಡೆರಡು ಸಲ ಓದಿದಳು, ಮೊದಲ ದಿನದಿಂದಲೂ ಗೈರುಹಾಜರಾದ ಕಾರಣ ನಿಮ್ಮನ್ನು ಈ ತರಗತಿಯಿಂದ ಕೈಬಿಡಲಾಗಿದೆ, ಓದಿ ಫೋನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು, ಅಮ್ಮಾ, ನಿಜ ಹೇಳು, ಇಷ್ಟು ದಿನ ಬ್ಯಾಗ್ ಹಾಕ್ಕೊಂಡು ಎಲ್ಲಿಗೆ ಹೋಗ್ತಿದ್ದೆ? ಅಯ್ಯೋ ನಿನ್ನ, ಗ್ವಾದಲೂಪೆ ತಾಯಾಣೆ ಕ್ಲಾಸಿಗೇ ಕಣೇ, ಎರಡನೇ ಸಾಲು, ಕಿಟಕಿ ಪಕ್ಕ! ಹದಿನಾರರ ಮಗಳ ಮುಂದೆ ಆಣೆ ಇಡುವ ಗತಿ, ಅವಳು ನಂಬಿದಳೋ ಇಲ್ಲವೋ, ರಾತ್ರಿ ಊಟಕ್ಕೆ ಬೀನ್ಸ್ ಬಡಿಸುವಾಗಲೂ ಓರೆಗಣ್ಣಲ್ಲೇ ನೋಡುತ್ತಿದ್ದಳು — ಹೆರ್ನಾಂಡೆಸ್, ಇನ್ನೊಬ್ಬ ಹೆರ್ನಾಂಡೆಸ್, ಲೋಪೆಸ್, ಲೋಪೆಸ್ ಇಲ್ಲ, ಬರ್ತಾ ಇದಾನೆ ಸರ್, ಪಾರ್ಕಿಂಗಲ್ಲಿದಾನೆ — ಮದ್ರಿಗಾಲ್, ಇದ್ದೀನಿ, ಈಗ ನನ್ನ ಒಕಾಂಪೊ ಬರಬೇಕು, ಬರಲಿಲ್ಲ, ನೇರ ಕಿಂತೆರೊಗೆ ಹೋಯಿತು ಪೆನ್ನು, ಈ ನಾಲ್ಕು ವಾರವೂ ಹೀಗೇ ಹೋಗಿತ್ತು, ನನಗೇನೂ ಅನ್ನಿಸಿರಲೇ ಇಲ್ಲ, ಅನ್ನಿಸಿತ್ತು, ಹೆಮ್ಮೆ ಅನ್ನಿಸಿತ್ತು ಕತ್ತೆಗೆ! ಮೊದಲ ದಿನ ಬಸ್ಸು ತಪ್ಪಿ ತಡವಾಗಿ ಬಂದಾಗ ಹಗೋಪಿಯನ್ ಮೇಷ್ಟ್ರು ಬನ್ನಿ ಕೂತ್ಕೊಳ್ಳಿ ಅಂತ ತಲೆಯಾಡಿಸಿದ್ದರು, ವಯಸ್ಸಾದವಳು, ಹೆಸರು ಕೂಗಿ ಮುಜುಗರ ಮಾಡುವುದು ಬೇಡ, ಮುಖ ನೋಡಿಯೇ ಗುರುತು ಹಾಕಿಕೊಳ್ಳುತ್ತಾರೆ ಅಂದುಕೊಂಡೆ, ಎಂಥ ಮರ್ಯಾದಸ್ಥ ಮನುಷ್ಯ ಅಂತ ಶೆಡ್ಡಿನಲ್ಲೆಲ್ಲ ಹೊಗಳಿದ್ದೇ ಹೊಗಳಿದ್ದು.

ಆ ಝಮೋರಾಳನ್ನೋ, ಬೈದಿದ್ದಕ್ಕೆ ಲೆಕ್ಕವಿಲ್ಲ. ಪ್ರತಿಸಲ ಪಟ್ಟಿಯ ಕಟ್ಟಕಡೆಗೆ ಝಮೋರಾ? ಅಂತ ಕೇಳಿ ಪೆನ್ನು ನಿಲ್ಲುತ್ತಿತ್ತು, ಯಾರೂ ಓಗೊಡುತ್ತಿರಲಿಲ್ಲ, ಝಮೋರಾ ಬಂದಿಲ್ಲ ಅಂತ ಪಟ್ಟಿ ಮಡಚುತ್ತಿದ್ದರು, ಪಕ್ಕದ ಮಾಯ್ ವಾಂಗ್, ತುಟಿಗೆ ರಿಂಗ್ ಹಾಕಿದ ಮೋಂಗ್ ಜನಾಂಗದ ಹುಡುಗಿ, ಆಂಟಿ, ಈ ಝಮೋರಾ ದೆವ್ವ ಇರ್ಬೇಕು ಅಂತ ಪಿಸುಗುಟ್ಟಿದಳು, ದೆವ್ವಾನೂ ಅಲ್ಲ ಗಿವ್ವಾನೂ ಅಲ್ಲ, ಸೋಮಾರಿ ಕಣಮ್ಮ, ಮನೇಲಿ ಬಿದ್ಕೊಂಡಿರ್ತಾಳೆ, ಸೀಟ್ ಸಿಗ್ದೇ ಹೊರಗೆ ಎಷ್ಟು ಜನ ಕಾಯ್ತಿದಾರೆ, ಹೆತ್ತವರ ಹೆಸರು ಕೆಡಿಸೋಕೆ ಹುಟ್ಟಿದವಳು, ಅಂದಿದ್ದೆ, ನಾನೇ ಅಂದಿದ್ದೆ, ಈ ಬಾಯಲ್ಲೇ — ಸಾಂಧು, ಇದ್ದೀನಿ, ಸೋಲಿಸ್, ಇದ್ದೀನಿ.

ನಿನ್ನೆ ಮೇಷ್ಟ್ರ ಕೋಣೆಯಲ್ಲಿ ಬಾಗಿಲ ಹತ್ತಿರವೇ ನಿಂತಿದ್ದೆ, ನಾನು ದಿನಾ ಬರ್ತೀನಿ ಮೇಷ್ಟ್ರೇ ಅಂದೆ, ಬರ್ತೀರಮ್ಮ, ನಾನು ನೋಡಿಲ್ವಾ, ನಿಮ್ಮ ಹೆಸರು ಪಟ್ಟೀಲಿ ಇಲ್ಲ, ಜಾಗ ಸಿಗ್ಲಿ ಅಂತ ಕಾಯ್ತಿದೀರಿ ಅಂದ್ಕೊಂಡಿದ್ದೆ ಅಂದರು, ಡ್ರಾಯರಿನಿಂದ ನಾಲ್ಕು ಹಾಳೆ ತೆಗೆದರು, ಎಲೊಯಿಸಾ ಒಕಾಂಪೊ, ನಾಲ್ಕೂ ಮನೆಗೆಲಸ, ಒಂದೇ ಒಂದು ತಪ್ಪು, ಈ ಒಕಾಂಪೊ ಅನ್ನೋರ್ದು ಲೆಕ್ಕ ಇದೆ, ಹೆಸರಿಲ್ಲ, ಅಂತ ಹಾಳೆಯನ್ನು ಎಡಕ್ಕಿಟ್ಟರು, ಈ ಝಮೋರಾ ಅನ್ನೋರ್ದು ಹೆಸರಿದೆ, ಲೆಕ್ಕ ಇಲ್ಲ, ಅಂತ ಪಟ್ಟಿಯನ್ನು ಬಲಕ್ಕಿಟ್ಟರು, ಆಮೇಲೆ ನನ್ನ ಮುಖ ನೋಡಿದರು, ನಿಮ್ಮ ಕಾರ್ಡ್ ಕೊಡಿ ಸ್ವಲ್ಪ. ಫೋಟೋದಲ್ಲಿ ಗೂಬೆ ಥರ ಇದ್ದೀನಂತ ಆ ಕಾರ್ಡನ್ನು ಪರ್ಸಿನಲ್ಲಿ ಬೋರಲು ಹಾಕಿಟ್ಟಿದ್ದೆ, ಒಮ್ಮೆಯೂ ಓದಿರಲಿಲ್ಲ, ತಿರುಗಿಸಿದರೆ ಎಲೊಯಿಸಾ ಓ. ಝಮೋರಾ! ಅಪ್ಪನ ಮನೆಹೆಸರು ಒಕಾಂಪೊ, ಅಮ್ಮನದು ಸಮೋರಾ, ನಮ್ಮ ದೇಶದಲ್ಲಿ ಎರಡನ್ನೂ ಬರೆಯುತ್ತೇವೆ, ಅಪ್ಪನದು ಮೊದಲು, ಅಮ್ಮನದು ಆಮೇಲೆ, ಕರೆಯುವುದು ಅಪ್ಪನದರಿಂದ, ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ನಾನು ಒಕಾಂಪೊ, ಆದರೆ ಈ ದೇಶದ ಕಂಪ್ಯೂಟರಿಗೆ ಕೊನೆಗಿದ್ದದ್ದೇ ಮನೆಹೆಸರು, ಅದರ ಮೇಲೆ ಸಮೋರಾ ಇವರ ಬಾಯಲ್ಲಿ ಝಮೋರಾ ಆದರೆ ನನಗೆ ಹೇಗೆ ಗೊತ್ತಾಗಬೇಕು, ಮೇಷ್ಟ್ರು ಮೇಜು ತಟ್ಟಿ ನಕ್ಕರು, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಗುತ್ತ ನಿಂತಿದ್ದೆ, ಇಟ್ಸೆಲ್ ಕೇಳಿ ನೆಲಕ್ಕೆ ಬಿದ್ದು ನಕ್ಕಳು, ನಿನಗೆ ನೀನೇ ಚಕ್ಕರ್ ಹೊಡೆದೆಯಲ್ಲಮ್ಮಾ, ನಾನಾದ್ರೂ ಇಷ್ಟು ಚೆನ್ನಾಗಿ ಹೊಡೆದಿಲ್ಲ.

ತೊವಾರ್, ಇದ್ದೀನಿ — ಇನ್ನು ಎಷ್ಟು, ಮಾಯ್ ಮಾತ್ರ — ಸಮೋರಾ ಅಂದರೆ ನನಗೆ ಅಮ್ಮ, ಇನ್ಯಾರೂ ಅಲ್ಲ, ಪೆತ್ರಾ ಸಮೋರಾ, ಊರಿನ ಸರಕಾರಿ ದವಾಖಾನೆಯ ಜಗಲಿ, ನರ್ಸಮ್ಮ ಬಾಗಿಲಿಗೆ ಬಂದು ಒಂದೇ ಸಲ ಕೂಗುವುದು, ಓ ಅನ್ನದಿದ್ದರೆ ಸರದಿ ಹೋಯಿತು, ಅಕ್ಷರ ಬಾರದ ಅಮ್ಮ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು ಬೆಳಗಿನಿಂದ ಆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದಳು, ನೀರಿಗೂ ಏಳುತ್ತಿರಲಿಲ್ಲ, ಸಮೋರಾ ಅಂದ ಕೂಡಲೇ ಇದ್ದೀನವ್ವಾ ಅಂತ ಚೀರುತ್ತಿದ್ದಳು, ಜಗಲಿಯವರೆಲ್ಲ ಗೊಳ್ಳೆನ್ನುತ್ತಿದ್ದರು, ನಾನು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ, ಒಂದು ಕರೆಗೂ ತಪ್ಪದವಳು, ಶಾಲೆಯ ಮೆಟ್ಟಿಲು ಹತ್ತದೆ ಹೋದವಳು, ಅವಳ ಹೆಸರನ್ನು ಕಾಲೇಜಿನಲ್ಲಿ ನಾಲ್ಕು ವಾರ ಕೂಗಿದ್ದಾರೆ, ದಿನಾ ಕೂಗಿದ್ದಾರೆ, ನಾನು ಇಲ್ಲೇ ಕೂತು ಸೋಮಾರಿ ಅಂದೆ — ವಾಂಗ್, ಇದ್ದೀನಿ — ಆಂಟಿ ನೋಡಿ ಅಂತ ಮಾಯ್ ಮೊಣಕೈಯಲ್ಲಿ ತಿವಿಯುತ್ತಿದ್ದಾಳೆ, ಪೆನ್ನು ಇನ್ನೂ ಕೆಳಗಿಳಿಯಿತು, ಮೇಷ್ಟ್ರು ಕನ್ನಡಕದ ಮೇಲಿಂದ ನನ್ನತ್ತಲೇ ನೋಡುತ್ತಿದ್ದಾರೆ, ಝಮೋರಾ? ಬಂದಿದೆ, ಹೆಸರು ಬಂದಿದೆ, ಇದ್ದೀನಿ! — ಎದ್ದೇ ನಿಂತುಬಿಟ್ಟಿದ್ದೇನೆ, ಎಷ್ಟು ಜೋರಾಗಿ ಚೀರಿದೆನೋ, ಧಿಲ್ಲಾನ್ ಹೌಹಾರಿ ತಿರುಗಿ ನೋಡಿದ, ಮುಖ ಮುಚ್ಚಿಕೊಳ್ಳಲಿಲ್ಲ ನಾನು, ಪಟ್ಟಿಯ ಕಡೆಯ ಸಾಲಿನಲ್ಲಿ ಪೆನ್ನು, ಸಮೋರಾ, ಸಮೋರಾದ ಮುಂದೆ ಗುರುತು ಹಾಕುತ್ತಿರುವ ಪೆನ್ನು.