ಕುಂಚಿಗೆ ಮುತ್ಯಾನ ಐದನೆಯ ಹೂವು

ಕುಂಚಿಗೆ ಮುತ್ಯಾನನ್ನು ಹೊಲಿಯುವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಬಾಯಿ ಮುಚ್ಚಿದರೆ ನನ್ನ ಕೈ ಓಡುವುದಿಲ್ಲ. ಹಾಗಾಗಿ ನಾನು ಹೊಲಿದ ಮುತ್ಯಾಗಳೆಲ್ಲ ನಾನು ಯಾರನ್ನಾದರೂ ಬೈಯುವುದನ್ನು ಕೇಳಿಕೊಂಡೇ ತಯಾರಾದವರು. ಆದರೂ ಮೂಡಲಗಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮುತ್ಯಾ ಹೋಗುತ್ತಿದ್ದುದು ನಮ್ಮ ಮನೆಯಿಂದಲೇ. ನಾವು ಸಿಂಪಿಗರು. ಗಂಡನ ಹೆಸರು ಹೇಳಬಾರದು, ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ: ಶೆಟ್ಟೆಪ್ಪ. ಅವರು ಕಟ್ಟೆಯ ಮೇಲೆ ಕುಳಿತು ಮಿಷನ್ ತುಳಿಯುತ್ತಿದ್ದರು, ನಾನು ಒಳಗೆ ಕೈಹೊಲಿಗೆ ಮಾಡುತ್ತಿದ್ದೆ.

ಮುತ್ಯಾ ಅಂದರೆ ಒಂದು ಗೇಣು ಎತ್ತರದ ಅರಿವೆಯ ಮುದುಕ. ಹೊಟ್ಟೆಗೆ ಹತ್ತಿ, ಬುಡಕ್ಕೆ ಒಂದು ಹಿಡಿ ಜೋಳ ತುಂಬಿದರೆ ಬೀಳದೆ ಕೂರುತ್ತಾನೆ. ಕುರುಬರ ಮನೆಯಿಂದ ತಂದ ಬಿಳಿ ಉಣ್ಣೆಯ ಗಡ್ಡ ಹೊಟ್ಟೆಯ ತನಕ ಇಳಿದಿರುತ್ತದೆ. ಮೂಗಿಗೆ ಅರಿವೆಯದೇ ಒಂದು ಸಣ್ಣ ಉಂಡೆ. ತಲೆಗೆ ಎಳೆಗೂಸುಗಳಿಗೆ ಹಾಕುವಂಥ ಚೂಪು ಕುಂಚಿಗೆ. ಅದನ್ನು ಮೂಗಿನವರೆಗೆ ಎಳೆದುಬಿಡುವುದರಿಂದ ಕಣ್ಣು ಹೊಲಿಯುವ ಕೆಲಸವಿಲ್ಲ. ಗಡ್ಡ ಬಂದರೂ ಕೂಸಿನ ಕುಂಚಿಗೆ ಬಿಡದ ಮುದುಕ ಎಂದು ನಾವು ನಗುತ್ತಿದ್ದೆವು. ಕುಂಚಿಗೆಯ ಸುತ್ತ ಚಿಂದಿ ಮಡಚಿ ಮಾಡಿದ ಐದು ಹೂವು ಇರುತ್ತವೆ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವವನು ಅವನು. ಬೀಳುವ ದೃಷ್ಟಿಯೆಲ್ಲ ಅವನ ಮೇಲೆ ಬಿದ್ದು ಮುಗಿಯಲಿ ಎಂದು. ಆಮೇಲೆ ತೊಟ್ಟಿಲ ಮೇಲಿನ ಗೂಡಿನಲ್ಲಿ ಕೂತು ಮನೆಗೆ ಚೆಂದ ಕೊಡುತ್ತಾನೆ.

ಎಲ್ಲರ ಮನೆಯ ಮುತ್ಯಾನಿಗೆ ಯಾವ ಚಿಂದಿಯಾದರೂ ನಡೆಯುತ್ತದೆ. ಆದರೆ ಕೂಸು ಕಳೆದುಕೊಂಡ ತಾಯಿಯದಾದರೆ ಐದು ಹೂವಿನ ಅರಿವೆಯನ್ನು ಐದು ಮನೆಯಿಂದ ಬೇಡಿ ತರಬೇಕು. ಆ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಉಳಿದಿರಬೇಕು. ಮಗು ತೊಟ್ಟು ಹಳೆಯದು ಮಾಡಿದ ಬಟ್ಟೆಯಿಂದ ಆ ಮನೆಯ ತಾಯಿ ತನ್ನ ಕೈಯಾರೆ ಹರಿದು ಬೇಡಲು ಬಂದವರ ಉಡಿಗೆ ಹಾಕಬೇಕು. ಹೊಲಿಯುವಾಗ ಮಿಕ್ಕ ಹೊಸ ಚಿಂದಿ ಅದಕ್ಕೆ ಬರುವುದಿಲ್ಲ. ಅದಕ್ಕೆ ಮಗುವಿನ ಮೈ ತಾಗಿಲ್ಲವಲ್ಲ. ಇದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಜ್ವರಕ್ಕೂ ಚಿಂದಿಗೂ ಏನು ಸಂಬಂಧ ಎಂದು ಬೇಡಿ ಬಂದವರ ಎದುರಿಗೇ ಅಂದಿದ್ದೇನೆ, ಅಂದು ಹೊಲಿದೂ ಕೊಟ್ಟಿದ್ದೇನೆ.

ಆಮೇಲೆ ನನ್ನ ಮಗಳ ಸರದಿ ಬಂತು. ಉದ್ದವ್ವನನ್ನು ಹುಕ್ಕೇರಿಗೆ ಕೊಟ್ಟಿದ್ದೆವು. ಮೊದಲ ಕೂಸು ಒಂಬತ್ತು ದಿನ ಇತ್ತು. ಎರಡನೆಯದು ನಗುವುದನ್ನು ಕಲಿತು, ನಾಲ್ಕನೆಯ ತಿಂಗಳಿಗೆ ಬಿದ್ದ ಮೇಲೆ ಒಂದೇ ದಿನದ ಜ್ವರದಲ್ಲಿ ಹೋಯಿತು. ಮೂರನೆಯ ಬಸಿರಿನಲ್ಲಿ, ಯುದ್ಧದ ಕಾಲಕ್ಕೆ ಬಟ್ಟೆಗೆ ಕಂಟ್ರೋಲ್ ಬಂದ ವರ್ಷ, ಅವಳು ತವರಿಗೆ ಬಂದಳು. ಒಂದು ದಿನ ಅಕ್ಕಿ ಹಸನು ಮಾಡುತ್ತ, ತಲೆ ಎತ್ತದೆ ಹೇಳಿದಳು.

"ಅವ್ವಾ, ನನಗ ಮುತ್ಯಾನ ಹೊಲಿ. ಐದ ಮನಿ ಅರಿವಿ ಬೇಡಿ ಹೊಲಿ. ನೀ ನಂಬೂದಿಲ್ಲ, ನನಗ ಗೊತ್ತೈತಿ. ನನ್ನ ಸಲುವಾಗಿ ಹೊಲಿ."

ಊರಿಗೆಲ್ಲ ಬೈಯುವವಳು ನಾನು, ಮರುದಿನವೇ ಉಡಿ ಕಟ್ಟಿಕೊಂಡು ಹೊರಟೆ. ನಾಲ್ಕು ಹೂವಿಗೆ ಹದಿನಾರು ಬಾಗಿಲು ತಿರುಗಿದ್ದೇನೆ. ಎಲ್ಲ ಮಕ್ಕಳೂ ಉಳಿದ ಮನೆ ಇಷ್ಟು ಕಡಿಮೆ ಇವೆ ಎಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಒಂದು ಅರಭಾವಿಯ ನನ್ನ ತಂಗಿಯದು, ಒಂದು ನಾಗನೂರಿನದು, ಎರಡು ಊರೊಳಗಿನವು.

ಐದನೆಯದಕ್ಕೆ ಲಕ್ಷ್ಮೀಬಾಯಿಯವರ ಮನೆಗೆ ಹೋದೆ. ನಮ್ಮ ಹಿಂದಿನ ಓಣಿಯ ಬೆಲ್ಲದ ವ್ಯಾಪಾರಿ ದಾದಾಸಾಹೇಬರ ಹೆಂಡತಿ, ಜೈನರು. ಐದು ಗಂಡುಮಕ್ಕಳು, ಐವರೂ ಗಟ್ಟಿಮುಟ್ಟು. ಕೊನೆಯವನು ಆಬಾ, ಆರು ವರ್ಷದವನು. ಅವನಿಗೆ ಹಳದಿಯ ಮೇಲೆ ಕೆಂಪು ಹೂವಿನ ಅಂಗಿಯನ್ನು ಹಿಂದಿನ ವರ್ಷ ನಮ್ಮ ಮನೆಯಲ್ಲೇ ಹೊಲಿದಿದ್ದೆವು. ಲಕ್ಷ್ಮೀಬಾಯಿ ಕುಡಿಯಲು ಮಜ್ಜಿಗೆ ಕೊಟ್ಟರು, ಅರಿವೆ ಕೊಡಲು ಹಿಂದೆ ಮುಂದೆ ನೋಡಿದರು.

"ಬ್ಯಾಡ ಅಕ್ಕಾ. ಕೊಟ್ಟ ಮನಿ ಪುಣ್ಯಾ ಅರಿವಿ ಜೋಡಿ ಹೊಕ್ಕೈತಿ ಅಂತಾರ. ನಮ್ಮ ಅತ್ತಿಯವರು ಸಾಯೂಮುಂದ ಹೇಳಿ ಸತ್ತಾರ."

"ಐದ ಮಕ್ಕಳ ತಾಯಿ ಅದೀರಿ," ಎಂದೆ. "ಒಂದ ಬೆರಳಷ್ಟು ಚಿಂದಿಗೆ ಅಂಜತೀರಿ? ನನ್ನ ಮಗಳು ಎರಡ ಮಣ್ಣ ಮಾಡಿ ಬಂದಾಳ್ರಿ ಬಾಯಾರ. ಆಕಿ ಏನ ಅನ್ನಬೇಕು?"

ಹೀಗೆ ಅನ್ನಬಾರದಿತ್ತು. ಎದುರಿನವರಿಗೆ ನಾಚಿಕೆಯಾಗುವಂತೆ ಮಾತಾಡುವುದು ನನಗೆ ಚೆನ್ನಾಗಿ ಬರುತ್ತದೆ. ಲಕ್ಷ್ಮೀಬಾಯಿ ಒಳಗೆ ಹೋಗಿ ಆಬಾನ ಅಂಗಿ ತಂದು, ಕೆಳಗಿನ ಮಡಿಕೆಯನ್ನು ಹಲ್ಲಿನಿಂದ ಕಚ್ಚಿ, ಒಂದು ಪಟ್ಟಿ ಹರಿದು ನನ್ನ ಉಡಿಗೆ ಹಾಕಿದರು. ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ.

ಹೆಣ್ಣುಕೂಸು ಹುಟ್ಟಿತು. ಕಲ್ಲಿನ ಹಾಗೆ ಉಳಿಯಲಿ ಎಂದು ಕಲ್ಲವ್ವ ಅಂತ ಹೆಸರಿಟ್ಟೆವು. ಮುತ್ಯಾ ಮೊದಲು ಮಲಗಿದ, ಎದ್ದ, ಗೂಡಿನಲ್ಲಿ ಕುಳಿತ. ಹಳದಿ ಹೂವು ಅವನ ಹಣೆಯ ನಡುವೆ ಇತ್ತು. ನಾನು ಎಷ್ಟೋ ಮುತ್ಯಾಗಳನ್ನು ಹೊಲಿದಿದ್ದೇನೆ, ಅಷ್ಟು ಚೆಂದದವನು ಮತ್ತೊಬ್ಬನಿಲ್ಲ. ಉದ್ದವ್ವ ದಿನಾ ಬೆಳಿಗ್ಗೆ ಮೊದಲು ಕೂಸಿನ ಉಸಿರು ನೋಡುವಳು, ಆಮೇಲೆ ಮುತ್ಯಾನ ಹೂವು ಎಣಿಸುವಳು. ಎಣಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ದಿನಗಳೆದಂತೆ ನಾನೂ ಎಣಿಸತೊಡಗಿದೆ. ಯಾರಿಗೂ ಹೇಳಲಿಲ್ಲ.

ಕಲ್ಲವ್ವನಿಗೆ ಮೂರು ತಿಂಗಳು ತುಂಬಿತು. ಹಿಂದಿನ ಕೂಸು ಹೋದ ವಯಸ್ಸು ಹತ್ತಿರ ಬಂದಿತು. ಅದೇ ವಾರ ಅವಳಿಗೆ ಮೂಗು ಕಟ್ಟಿ, ಮೈ ಬೆಚ್ಚಗಾಯಿತು. ಅದೇ ವಾರ ಲಕ್ಷ್ಮೀಬಾಯಿ ನಮ್ಮ ಬಾಗಿಲಿಗೆ ಬಂದರು. ಮಧ್ಯಾಹ್ನದ ಬಿಸಿಲಲ್ಲಿ ಹೊಸ್ತಿಲ ಹೊರಗೇ ನಿಂತರು. ಒಳಗೆ ಬರ್ರಿ ಅಂದರೂ ಬರಲಿಲ್ಲ.

"ಆಬಾಗ ಎಂಟ ದಿನದಿಂದ ಜ್ವರ ಇಳಿವಲ್ದು ಅಕ್ಕಾ. ಗೋಕಾಕದ ಡಾಕ್ಟರು ವಿಷಮಜ್ವರ ಅಂದಾರ. ಇಪ್ಪತ್ತೊಂದ ದಿನಾ ದಾಟಬೇಕಂತ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ನನ್ನ ಅರಿವಿ ನನಗ ಕೊಡ್ರಿ. ಕೊಟ್ಟದ್ದ ಕೇಳಬಾರದು. ನನಗ ಬ್ಯಾರೆ ದಾರಿ ತೋಚವಲ್ದು."

ನಾನು ಬಾಯಿ ತೆರೆಯುವ ಮೊದಲೇ ತೊಟ್ಟಿಲ ಬಳಿಯಿಂದ ಉದ್ದವ್ವ ಹೇಳಿದಳು.

"ಕೊಟ್ಟ ಬಿಡವ್ವಾ. ಅದೂ ಒಂದ ಕೂಸ ಅಲ್ಲೇನು."

ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು, ಮೂರನೆಯದು ಮೂಗಿನಲ್ಲಿ ಗೊರಗೊರ ಅನ್ನುತ್ತಿರುವಾಗ ಹಾಗೆ ಅಂದಳು. ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳೋ.

"ಇವತ್ತ ಸೋಮವಾರ ಐತ್ರಿ," ಎಂದೆ. "ಸೋಮವಾರ ಹೊಲಿಗಿ ಬಿಚ್ಚಬಾರದು. ನಾಳೆ ನಾನ ತಂದ ಕೊಡತೀನಿ."

ಯಾವ ಸೋಮವಾರ ನಾನು ಹೊಲಿಗೆ ಬಿಚ್ಚದೆ ಬಿಟ್ಟಿದ್ದೇನೆ? ಲಕ್ಷ್ಮೀಬಾಯಿ ನಂಬಿದರು, ಕೈ ಮುಗಿದು ಹೋದರು.

ಆಬಾನ ಅಂಗಿ ಹೊಲಿದಾಗ ಮಿಕ್ಕ ತುಂಡು ನನ್ನ ಚಿಂದಿ ಗಂಟಿನಲ್ಲಿತ್ತು. ಕಂಟ್ರೋಲ್ ಕಾಲದಲ್ಲಿ ಬೆರಳಗಲದ ಬಟ್ಟೆಯನ್ನೂ ಯಾರು ಎಸೆಯುತ್ತಾರೆ? ಹುಡುಕಿ ತೆಗೆದೆ. ಅದೇ ಹಳದಿ, ಅದೇ ಕೆಂಪು ಹೂವು, ಆದರೆ ಹೊಚ್ಚ ಹೊಸದು. ಹಿತ್ತಲಲ್ಲಿ ಕುಳಿತು ಬೂದಿ ನೀರಿನಲ್ಲಿ ನೆನೆಸಿ ಕಲ್ಲಿಗೆ ತಿಕ್ಕಿದೆ, ಬಿಸಿಲಿಗೆ ಹಾಕಿದೆ, ಮತ್ತೆ ತಿಕ್ಕಿದೆ. ಒಂದು ವರ್ಷ ಹುಡುಗ ಮಣ್ಣಿನಲ್ಲಿ ಆಡಿ ಮಾಡಿದ ಹಳತನ್ನು ಒಂದು ಮಧ್ಯಾಹ್ನದಲ್ಲಿ ಮಾಡಬೇಕಿತ್ತು. ನಮ್ಮ ಮನೆಯವರು ನೀರಿಗೆ ಬಂದವರು ನಿಂತು ನೋಡಿದರು. ಅರಿವೆಯ ಗುರುತು ಅವರಿಗೆ ತಪ್ಪುವುದುಂಟೆ? ತಂಬಿಗೆ ತುಂಬಿಕೊಂಡು ಹೋಗಿ ಮಿಷನ್ ತುಳಿಯತೊಡಗಿದರು. ಒಂದು ಮಾತು ಬೈದಿದ್ದರೆ ನಾನು ನಿಲ್ಲಿಸುತ್ತಿದ್ದೆನೇನೋ.

ಸಂಜೆ ಉದ್ದವ್ವ ಕೂಸಿಗೆ ಒಲೆಯ ಮುಂದೆ ಶಾಖ ಕೊಡಲು ಹೋದಾಗ ಮುತ್ಯಾನನ್ನು ಇಳಿಸಿದೆ. ಹಣೆಯ ಹೂವು ಬಿಚ್ಚಿ, ಕುಂಚಿಗೆಯ ಒಳಗೆ, ಅಸ್ತರದ ಕೆಳಗೆ, ಅದೇ ಜಾಗದಲ್ಲಿ ಇಟ್ಟು ಹೊಲಿದೆ. ಹೊರಗೆ ಸೂಜಿಯ ತೂತುಗಳಷ್ಟೇ ಉಳಿದವು. ಹೊಸ ತುಂಡನ್ನು ಹಾಗೆಯೇ ಐದು ಎಸಳು ಮಡಚಿ ಹೂವು ಮಾಡಿದೆ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ನನಗೇ ಗುರುತು ಸಿಗುತ್ತಿರಲಿಲ್ಲ.

ಮರುದಿನ ಕೊಟ್ಟು ಬಂದೆ. ಆಬಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ತುಟಿ ಒಡೆದಿದ್ದವು. ಲಕ್ಷ್ಮೀಬಾಯಿ ಹೂವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅವನು ಕಣ್ಣು ತೆರೆದು ನೋಡಿದ.

"ಆಯಿ, ನನ್ನ ಅಂಗಿ ಹೂವಾಗೈತಿ," ಎಂದ.

ನಾನು ಕೂರಲಿಲ್ಲ, ಮನೆಯಲ್ಲಿ ಕೂಸು ಅಳುತ್ತದೆ ಎಂದು ಬಂದೆ. ಕೂಸು ಅಳುತ್ತಿರಲಿಲ್ಲ. ಅವಳ ನೆಗಡಿ ಮೂರೇ ದಿನದಲ್ಲಿ ಇಳಿಯಿತು. ಮುತ್ಯಾನ ಹಣೆ ಬೋಳಾದದ್ದನ್ನು ಉದ್ದವ್ವ ದಿನಾ ನೋಡುವಳು, ನೋಡಿ ಕಣ್ಣು ತಗ್ಗಿಸುವಳು. ಒಳಗೆ ಹೂವು ಇದೆ, ಹೆದರಬೇಡ ಅಂತ ಹೇಳುವ ಹಾಗಿರಲಿಲ್ಲ.

ಹತ್ತೊಂಬತ್ತನೆಯ ದಿನ ಆಬಾ ಹೋದ. ಹಿಂದಿನ ಓಣಿಯಿಂದ ಅಳುವ ಸದ್ದು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು, ಸುಟ್ಟು, ಬುಟ್ಟಿಗೆ ಹಾಕಿಯೇ ಎದ್ದೆ. ಮಣ್ಣಿಗೆ ನಮ್ಮ ಮನೆಯವರು ಹೋದರು. ನಾನು ಹೋಗಲಿಲ್ಲ.

ಆ ಹೂವು ಕೊಟ್ಟಿದ್ದರೂ ಹುಡುಗ ಉಳಿಯುತ್ತಿರಲಿಲ್ಲ. ಇದು ನನಗೆ ಗೊತ್ತು, ಆಗಲೂ ಗೊತ್ತಿತ್ತು. ಆ ಬೇಸಿಗೆ ವಿಷಮಜ್ವರದಲ್ಲಿ ಊರಿನ ಎಷ್ಟು ಮಕ್ಕಳು ಹೋದವು, ಅವುಗಳ ಮನೆಯವರು ಯಾರಿಗೂ ಚಿಂದಿ ಕೊಟ್ಟಿರಲಿಲ್ಲ. ಹೀಗೆ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಚಿಂದಿಯಲ್ಲಿ ಏನೂ ಇಲ್ಲ ಎಂದು ಅಷ್ಟು ಗಟ್ಟಿಯಾಗಿ ಗೊತ್ತಿದ್ದವಳು ಅದನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತಲ್ಲ? ನನಗೆ ನನ್ನ ಮೇಲೆ ಅಸಹ್ಯವಾಯಿತು, ಅದರ ಜೊತೆಗೇ ತೊಟ್ಟಿಲಲ್ಲಿ ಕೈಕಾಲು ಬಡಿಯುವ ಕಲ್ಲವ್ವನನ್ನು ನೋಡಿ ಸಂತೋಷವೂ ಆಗುತ್ತಿತ್ತು. ಸಂತೋಷವಾದದ್ದೇ ಹೆಚ್ಚು ಸುಟ್ಟಿತು.

ಐದನೆಯ ತಿಂಗಳಿಗೆ ಕೂಸನ್ನು ಹುಕ್ಕೇರಿಗೆ ಕಳಿಸುವುದು ಎಂದಾಯಿತು. ಹೊರಡುವ ಹಿಂದಿನ ದಿನ ಲಕ್ಷ್ಮೀಬಾಯಿ ಬಂದರು. ಬಹಳ ಸೊರಗಿದ್ದರು. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು ತೊಟ್ಟಿಲ ಪಕ್ಕ ಕುಳಿತರು. ಸೊಂಟದ ಗಂಟಿನಿಂದ ಹೂವು ತೆಗೆದು ನನ್ನ ಮುಂದಿಟ್ಟರು.

"ಇದನ್ನ ಮುತ್ಯಾಗ ತಿರುಗಿ ಹಚ್ರಿ ಅಕ್ಕಾ. ನಮ್ಮ ಮನ್ಯಾಗ ಇದಕ್ಕ ಕೆಲಸ ಉಳಿದಿಲ್ಲ. ಈ ಕೂಸಾದ್ರೂ ಬಾಳಲಿ."

"ಬ್ಯಾಡ್ರಿ," ಎಂದೆ. ಹೂವನ್ನು ಅವರ ಕಡೆಗೇ ಸರಿಸಿದೆ.

"ಹಂಗನಬ್ಯಾಡ್ರಿ. ನಾ ಕೇಳಿದಾಗ ನೀವು ಕೊಟ್ರಿ. ನಿಮ್ಮ ಕೂಸಿಗೂ ಆಗ ಮೈ ಬೆಚ್ಚಗಿತ್ತಂತ, ಉದ್ದವ್ವ ಹೇಳಿದಳು. ಅಂಥಾದ್ರಾಗೂ ಕೊಟ್ರಿ. ನೀವು ಕೊಡದ ಇದ್ದಿದ್ರ, ಅದರ ಸಲುವಾಗೆ ಹ್ವಾದ ಅಂತ ನಾ ಸಾಯೂತನಾ ನಿಮ್ಮನ್ನ ಬೈಕೋತ ಕೂಡತಿದ್ದೆ. ಈಗ ಯಾರನ್ನೂ ಬೈಯಾಕಿಲ್ಲ." ಹೂವನ್ನು ಬೆರಳಿನಿಂದ ಸವರಿದರು. "ಹತ್ತ ದಿನಾ ಮುಷ್ಟಿ ಬಿಚ್ಚಲಿಲ್ರಿ ಅವಾ. ಆಮ್ಯಾಲ ನಾನ ಬಿಡಿಸಿ ತಗೊಂಡೆ. ನೋಡ್ರಿ, ಅವನ ಬೆವರಿನ ಕಲೆ ಹಂಗ ಐತಿ."

ಕಲೆ ಇತ್ತು. ಆಬಾನ ಮೈ ತಾಗದ ಅರಿವೆ ಕೊಟ್ಟಿದ್ದೆ, ಈಗ ಅದಕ್ಕೂ ಅವನ ಮೈ ತಾಗಿತ್ತು.

ಉದ್ದವ್ವ ಅಳುತ್ತಲೇ ಎದ್ದು ಕಲ್ಲವ್ವನನ್ನು ಎತ್ತಿ ಲಕ್ಷ್ಮೀಬಾಯಿಯ ತೊಡೆಯ ಮೇಲಿಟ್ಟಳು. ಗೂಡಿನಿಂದ ಮುತ್ಯಾನನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಸೂಜಿಗೆ ದಾರವನ್ನೂ ಅವಳೇ ಪೋಣಿಸಿದಳು. ಹಳೆಯ ತೂತುಗಳ ಮೇಲೆ ಹೂವು ಇಟ್ಟು ಚುಚ್ಚಿದೆ. ಸೂಜಿ ಅರ್ಧ ಹೋಗಿ ನಿಂತಿತು. ಒಳಗಿನ ಐದು ಎಸಳಿನ ಮಡಿಕೆ ಅಡ್ಡ ಬಂದಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಹೋಗಲಿಲ್ಲ.

"ಯಾಕ ಅಕ್ಕಾ, ಸೂಜಿ ಹೋಗವಲ್ದೇನು?" ಎಂದು ಲಕ್ಷ್ಮೀಬಾಯಿ ಬಾಗಿ ನೋಡಿದರು.

"ಅಸ್ತರ ದಪ್ಪ ಐತ್ರಿ," ಎಂದೆ.

"ಗಟ್ಟಿ ಹೊಲೀರಿ. ಹುಕ್ಕೇರಿ ದೂರ ಐತಿ, ದಾರ್ಯಾಗ ಬಿಚ್ಚಬಾರದು."

ಅವರು ಕಲ್ಲವ್ವನ ನೆತ್ತಿಯ ಮೇಲೆ ಗಲ್ಲ ಊರಿ, ನಾನು ಹೊಲಿದು ಮುಗಿಸುವ ತನಕ ಅಲ್ಲೇ ಕುಳಿತಿದ್ದರು.