ಕಿಟಕಿ ಗಾಜಿನ ರಕ್ತ ಯಾರದು?

"ಕಳ್ಳ ನನ್ನ ಮಗನೇ! ಬಣ್ಣ ಹೊಡೆಯಕ್ಕೆ ಬಂದು ದೇವರ ಬೆಳ್ಳೀನೇ ಹೊಡೆದ್ಯೇನೋ?"

ಶಿವಮಲ್ಲಪ್ಪನವರು ಗೇಟಿನ ಹತ್ತಿರ ನನ್ನ ಕಾಲರ್ ಹಿಡಿದು ಕೂಗಿದರು. ಕುವೆಂಪುನಗರದ ಆ ಬೀದಿಯವರು ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದರು. ನಾನು ವಿಜಯ್‌ಕುಮಾರ್, ಕೆಸರೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಣ್ಣದ ಕೆಲಸ ಹಿಡಿದವನು. ಇದು ೨೦೦೩ರ ಮಾತು. ಅವರ ಮನೆಯವರೆಲ್ಲ ನಂಜನಗೂಡಿಗೆ ಹೋಗಿದ್ದಾಗ ಯಾರೋ ಕಿಟಕಿ ಒಡೆದು ಬೆಳ್ಳಿ ಸಾಮಾನು ಕದ್ದಿದ್ದರು. ಒಡೆದ ಗಾಜಿನ ಮೇಲೆ ರಕ್ತವಿತ್ತು. ನನ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ನಿಮ್ಮ ಗೋಡೆ ಕೆರೆಯೋವಾಗ್ಲೇ ಕುಯ್ದಿದ್ದು ಸಾರ್!"

"ನೋಡ್ರೀ, ಕೈನೇ ಸಾಕ್ಷಿ ಹೇಳ್ತಾ ಇದೆ!"

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮ ಅರಿಶಿನದ ನೀರಿನ ಬಕೆಟ್ ಹಿಡಿದು ಕಿಟಕಿಯತ್ತ ಹೊರಟರು.

"ಅಮ್ಮ, ಬಕೆಟ್ ಕೆಳಗಿಡು!" ಕಾಲೇಜು ಓದುವ ಮಗಳು ಮಧುಶ್ರೀ ಅಡ್ಡ ನಿಂತಳು.

"ಶುಕ್ರವಾರ ಕಣೇ. ದೇವರ ಮನೆ ಮುಂದೆ ರಕ್ತ ಇಟ್ಕೊಂಡು ದೀಪ ಹಚ್ಚಲಾ?"

"ತೊಳೆದ್ಬುಟ್ರೆ ಕಳ್ಳನಿಗೆ ನೀನೇ ದಾರಿ ಮಾಡಿಕೊಟ್ಟಂಗೆ. ಪೊಲೀಸರು ಬರೋವರ್ಗೂ ಯಾರೂ ಮುಟ್ಟಬೇಡಿ."

ಇನ್ಸ್‌ಪೆಕ್ಟರ್ ಕೃಷ್ಣಸ್ವಾಮಿ ಬಂದರು. ಕೈಗವಸು ಹಾಕಿಕೊಂಡು, ಗಾಜಿನ ಚೂರನ್ನು ಒಣಗಿಸಿ ಕಾಗದದ ಕವರಿನಲ್ಲಿಟ್ಟರು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ತೇವ ನಿಂತು ಕೆಟ್ಟುಹೋಗುತ್ತದಂತೆ.

ಮೊದಲು ರಕ್ತದ ಗುಂಪು ನೋಡಿದರು. ಗಾಜಿನ ಮೇಲಿದ್ದದ್ದು 'ಓ'. ನನ್ನದೂ 'ಓ'.

"ಇನ್ನೇನು ಬೇಕು?" ಅಂದರು ಶಿವಮಲ್ಲಪ್ಪನವರು.

"ನಂದೂ 'ಓ' ಕಣ್ರೀ. ನನ್ನನ್ನೂ ಒಳಗೆ ಹಾಕೋಣ್ವಾ?" ಕೃಷ್ಣಸ್ವಾಮಿ ನಕ್ಕರು. "ಗುಂಪು ಸಾವಿರಾರು ಜನಕ್ಕೆ ಒಂದೇ ಇರುತ್ತೆ. ಡಿಎನ್‌ಎ ಹಂಗಲ್ಲ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬಂದಿರುತ್ತೆ. ರಕ್ತ, ಎಂಜಲು, ಕೂದಲ ಬುಡ, ಎಲ್ಲಿ ನೋಡಿದ್ರೂ ಒಬ್ಬನಲ್ಲಿ ಅದೇ. ಅಚ್ಚು ಒಂದೇ ಥರದ ಅವಳಿಗಳನ್ನ ಬಿಟ್ರೆ ಇನ್ನೊಬ್ಬನಿಗೆ ಅದು ಹೊಂದಲ್ಲ."

ನಾನು ನನ್ನ ಹೆಬ್ಬೆರಳನ್ನೇ ನೋಡಿದೆ. ಸತ್ತುಹೋದ ಅಪ್ಪ ಬೀರಯ್ಯ ಅದರೊಳಗಿದ್ದಾನೆ! ಅವ್ವ ಇದ್ದಾಳೆ! ಹಣೆಬರಹ ಓದಿದವರಿಲ್ಲ ಅಂತಾರೆ. ಒಂದು ಹನಿಯೊಳಗಿನ ಬರಹ ಓದುವವರಿದ್ದಾರಲ್ಲ!

"ತಗೊಳ್ಳಿ ಸಾರ್, ಎಷ್ಟು ಬೇಕೋ ಅಷ್ಟು ರಕ್ತ," ಅಂದೆ.

"ಒಂಚೂರು ಸಾಕಪ್ಪ."

ಬೆಂಗಳೂರಿನ ಪ್ರಯೋಗಾಲಯದಿಂದ ಉತ್ತರ ಬರಲು ತಿಂಗಳುಗಳಾದವು. ಅಲ್ಲಿಯವರೆಗೆ ಯಾರೂ ನನ್ನನ್ನು ಕೆಲಸಕ್ಕೆ ಕರೆದು ಹೊಸಿಲು ದಾಟಿಸಲಿಲ್ಲ. ಕೊನೆಗೆ ಬಂತು: ಗಾಜಿನ ರಕ್ತ ನನ್ನದಲ್ಲ. ಮುಂದೆ ಬೇರೊಂದು ಕಳವಿನಲ್ಲಿ ಸಿಕ್ಕವನಿಗೆ ಅದು ಸರಿಯಾಗಿ ಹೊಂದಿತು. ಬೀದಿಯೆಲ್ಲ ಬಾಯಿ ಬಡಿದುಕೊಂಡು ಹೇಳಿದ ಸುಳ್ಳನ್ನು ಬಾಯಿಲ್ಲದ ಹನಿಯೊಂದು ಮುಗಿಸಿಬಿಟ್ಟಿತು.

ಈಗ ಸರ್ವಮಂಗಳಮ್ಮನೇ ಅಕ್ಕಪಕ್ಕದವರಿಗೆ ಹೇಳುತ್ತಾರೆ: "ಮೊದಲು ಪೊಲೀಸು, ಆಮೇಲೆ ಬಕೆಟ್ಟು ಕಣಮ್ಮ."

ನೀವೂ ಕೇಳಿ. ನಿಮ್ಮ ಮನೆಯಲ್ಲಿ ಕಳವೋ ಹಲ್ಲೆಯೋ ನಡೆದರೆ ಗುಡಿಸಬೇಡಿ, ತೊಳೆಯಬೇಡಿ, ಬಟ್ಟೆ ನೆನೆಸಬೇಡಿ. ಗಾಯವಾದವರನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಉಳಿದದ್ದನ್ನು ಇದ್ದಂತೆಯೇ ಬಿಡಿ. ಕಳ್ಳನನ್ನು ಹಿಡಿಯುವುದೂ ಆ ಹನಿಯೇ, ತಪ್ಪು ಮಾಡದವನನ್ನು ಉಳಿಸುವುದೂ ಆ ಹನಿಯೇ. ಅದು ಮಾತಾಡುವ ಮೊದಲು ನೀವು ಯಾರಿಗೂ ಕಳ್ಳ ಅಂತ ಹೆಸರಿಡಬೇಡಿ.

ಆ ಕಳ್ಳ ಸಿಕ್ಕ ವಾರವೇ ಶಿವಮಲ್ಲಪ್ಪನವರು ಅದೇ ಗೇಟಿನ ಹತ್ತಿರ ನನ್ನನ್ನು ಕಂಡರು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಮೆಲ್ಲಗೆ ಅಂದರು: "ಬೇಜಾರು ಮಾಡ್ಕೋಬೇಡಪ್ಪ. ಅರ್ಧ ಗೋಡೆ ಹಂಗೇ ಉಳಿದಿದೆ, ಯಾವಾಗ ಬರ್ತೀಯಾ?"

ಬೈದದ್ದು ಬೀದಿಗೆಲ್ಲ ಕೇಳಿಸಿತ್ತು. ನಾನು ಬ್ರಷ್ಷಿನ ಚೀಲ ಹೆಗಲಿಗೇರಿಸಿ, ಮುಂದಿನ ಬೀದಿಗೆ ನಡೆದುಬಿಟ್ಟೆ.