ಒಂದು ಕುರ್ಚಿಯ ನಾಟಕ

ರಂಗದ ನಡುವೆ ಕೂತ ಮೇಲೆ ರಾಮಾನುಜನಿಗೆ ಅನ್ನಿಸಿತು, ಕುರ್ಚಿಯೂ ಬೇಡವಾಗಿತ್ತೇನೋ.

ಅಷ್ಟರಲ್ಲಿ ನಾಟಕ ಶುರುವಾಗಿತ್ತು. ಭಾರತೀನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ರಾಮಾನುಜ ತಾನೇ ಬರೆದು ತಾನೇ ಆಡುತ್ತಿದ್ದ ನಾಟಕ. ಮೊದಲ ಪ್ರತಿಯಲ್ಲಿ ನಲವತ್ತು ಪುಟ ಮಾತಿತ್ತು. ಆಧುನಿಕೋತ್ತರ ನಾಟಕವೆಂದರೆ ಕಳೆಯುತ್ತ ಹೋಗುವುದು ಎಂದು ತರಗತಿಯಲ್ಲಿ ಹೇಳಿ ಹೇಳಿ, ಸೀನರಿ ತೆಗೆದ, ಹೆಂಡತಿಯ ಪಾತ್ರ ತೆಗೆದ, ಕಡೆಗೆ ಮಾತನ್ನೂ ತೆಗೆದ. ಉಳಿದದ್ದು ಇಪ್ಪತ್ತು ನಿಮಿಷದ ಮೌನ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಮನೆಯಲ್ಲೂ ಆದದ್ದು ಅದೇ, ಅವನ ಮಾತು ಕಳೆಯುತ್ತ ಹೋಗಿತ್ತು. ಬೆಳಿಗ್ಗೆ ಹೆಂಡತಿ ಸಿಂಧು ಕಾಫಿ ಲೋಟ ಕುಕ್ಕಿ ಹೇಳಿದ್ದಳು: “ನಾಟಕ ನೋಡ್ತೀನಿ. ಅಲ್ಲಿಂದ ಹಾಗೇ ಮಳವಳ್ಳಿಗೆ, ಅಮ್ಮನ ಮನೆಗೆ. ಮತ್ತೆ ಬರೋಲ್ಲ. ಇರು ಅಂತ ಒಂದು ಮಾತು ಹೇಳಿ, ಇರ್ತೀನಿ.”

“ನಾಟಕ ಮುಗೀಲಿ,” ಎಂದಿದ್ದ.

ಈಗ ಮೂರನೇ ಸಾಲಿನಲ್ಲಿ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಾಳೆ.

ಹತ್ತು ನಿಮಿಷವಾಗುವಷ್ಟರಲ್ಲಿ ಸಭೆ ಮಿಸುಕಾಡಿತು. ಮುಂದಿನ ಸಾಲಿನಲ್ಲಿದ್ದ ಅತಿಥಿ ಚಿಕ್ಕಣ್ಣ ಮರುಗಿದ. ಸುತ್ತಲ ಹಳ್ಳಿಗಳಿಗೆಲ್ಲ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಅವನು. ಧರ್ಮರಾಯ ಮಾತು ಮರೆತು ಬೆವರುವುದನ್ನು ಎಷ್ಟು ಸಲ ಕಂಡಿಲ್ಲ! ಅಂಥ ಹೊತ್ತಿನಲ್ಲಿ ಪಾತ್ರಧಾರಿಯ ಮಾನ ಉಳಿಸುವುದು ಮೇಷ್ಟ್ರ ಕೆಲಸ. ಪ್ರಾರ್ಥನೆಗೆ ನುಡಿಸಿದ್ದ ಪೆಟ್ಟಿಗೆಯನ್ನು ಎಳೆದುಕೊಂಡು ಶ್ರುತಿ ಹಿಡಿದ.

“ಮರ್ತೋಯ್ತಾ ಸಾ? ಎದ್ರುಕೋಬ್ಯಾಡಿ. ಏನಾರ ಒಂದ್ ಮಾತ್ ಅನ್ನಿ, ಮಿಕ್ಕಿದ್ದು ನಾನ್ ಎತ್ಕೋತೀನಿ.”

ಸಭೆ ಘೊಳ್ಳೆಂದಿತು. ರಾಮಾನುಜನಿಗೆ ಮೈ ಉರಿಯಿತು. ಬೈಯುವಂತೆಯೂ ಇಲ್ಲ.

ಆಗ ಸಿಂಧು ಎದ್ದು ರಂಗದ ಮುಂದೆಯೇ ಬಂದು ನಿಂತಳು.

“ನಾನು ಹೊರಟೆ. ಈಗಲಾದ್ರೂ ಏನಾದ್ರೂ ಹೇಳ್ತೀರಾ?”

ಇರು. ಎರಡೇ ಅಕ್ಷರ, ನಾಲಿಗೆಯ ತುದಿಗೆ ಬಂದಿತ್ತು. ಅವಳು ಹೋಗಿಬಿಡುತ್ತಾಳೆಂದು ಅವನಿಗೆ ನಿಜಕ್ಕೂ ಭಯವಾಯಿತು. ನಾಟಕ ಕೆಡುತ್ತದೆಂಬ ಭಯ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿತ್ತು. ಬಾಯಿ ಬಿಡಲಿಲ್ಲ.

ಅವಳು ಸಾಲುಗಳ ನಡುವೆ ನಡೆದು, ಹಿಂದಿನ ಬಾಗಿಲು ದಾಟಿ ಹೋದಳು.

“ಆಯಮ್ಮಂದು ಪಾರ್ಟು ಅಂದ್ರೆ ಪಾರ್ಟು ಕಣ್ಲಾ!” ಚಿಕ್ಕಣ್ಣ ಪಕ್ಕದವನ ತೊಡೆ ತಟ್ಟಿದ.

“ಒನ್ಸ್ ಮೋರ್!” ಯಾರೋ ಕೂಗಿದರು. ಮೆಚ್ಚಿದ ಪಾತ್ರವನ್ನು ವಾಪಸು ಕರೆಸಿ ಮತ್ತೊಮ್ಮೆ ಆಡಿಸದೆ ಬಿಡುವ ಸೀಮೆಯಲ್ಲ ಇದು. ಇಡೀ ಸಭೆ ಎದ್ದು, ರಂಗಕ್ಕೆ ಬೆನ್ನು ಹಾಕಿ, ಬಾಗಿಲ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿತು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ರಾಮಾನುಜನೂ ಎದ್ದು ಚಪ್ಪಾಳೆ ತಟ್ಟಿದ.